ಎರಡು ಎಡತೋಳು

ದುರ್ಗಿಗುಡಿಯ ಅಡ್ಡರಸ್ತೆ, ಪತಂಗೆ ಮಾಮನ ಅಂಗಡಿ.
ಕಾಲೇಜು ಮೇಡಂ ಒಬ್ಬರ ಹೂವಿನ ಬಟ್ಟೆಯಲ್ಲಿ
ಎರಡೂ ಎಡತೋಳೇ ಕತ್ತರಿಸಿಟ್ಟಿದ್ದೆ.

ಮಾಮ ಬೈಯಲಿಲ್ಲ. ಒಂದನ್ನು
ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸಿದ:
"ಈಗ ಬಲತೋಳಾಯ್ತಾ?"
ಇಲ್ಲ.
ಗುಂಡುಸೂಜಿ ಚುಚ್ಚಿ, ಅದರ ಸುತ್ತ
ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದ:
"ಈಗ?"
ಇಲ್ಲ.
ಟೇಪು ಹಿಡಿದ. ಕಂಕುಳು ಹದಿನಾರು, ಮಣಿಕಟ್ಟು ಒಂಬತ್ತು,
ಒಂದು ನೂಲೂ ಹೆಚ್ಚಿಲ್ಲ, ಕಮ್ಮಿಯಿಲ್ಲ.
"ಅಳತೆಗೆ ಮೋಸ ಮಾಡಿಲ್ಲ ಬಿಡು, ಸುಗುಣಾ."

ಆಮೇಲೆ ಕಾಗದದ ನಮೂನೆಯನ್ನು
ಮೇಲೆತ್ತಿ, ದೋಸೆಯ ಹಾಗೆ ಮಗುಚಿ ಹಾಕಿದ.
ಬಲತೋಳು!
"ಹಲಗೆ ಮೇಲೆ ಎಷ್ಟು ಹೊರಳಿದರೂ ಎಡ ಎಡವೇ.
ಒಂದು ಗಳಿಗೆ ಹಲಗೆ ಬಿಟ್ಟು ಏಳಬೇಕು."

ಸ್ಥಾನಾಂತರಣ, ಭ್ರಮಣ, ಪ್ರತಿಫಲನ ಅಂತ
ಬಾಯಿಪಾಠ ಮಾಡಿ ಹದಿನೇಳು ಅಂಕ ತಗೊಂಡವಳು ನಾನು.

ಬಟ್ಟೆಯ ಹೂವಿಗೆ ಒಳಮೈ ಹೊರಮೈ ಇತ್ತು; ಮಗುಚಲಾಗಲಿಲ್ಲ.
ಹೆಚ್ಚಾದ ತೋಳು ಇಸ್ತ್ರಿಪೆಟ್ಟಿಗೆಯ ಹಿಡಿಗೆ ಸುತ್ತಿಕೊಂಡಿತು,
ಅದರ ದುಡ್ಡು ನನ್ನ ಸಂಬಳಕ್ಕೆ.

ನಾನು ಎಡಚಿ. ಕತ್ತರಿ ಬೆರಳ ಗಂಟು ಕೊರೆಯುತ್ತದೆ.
ಹಾಗೆ ಹಿಡಿದೆ, ಹೀಗೆ ಹಿಡಿದೆ, ಮಗುಚಿಯೂ ಹಿಡಿದೆ,
ಮತ್ತೂ ಅದು ಬಲಗೈಯವರದೇ.
ಇದನ್ನು ಯಾವ ಹಲಗೆಯಿಂದ ಮೇಲೆತ್ತಬೇಕೋ
ಮಾಮನಿಗೂ ಗೊತ್ತಿಲ್ಲ.

ರಾತ್ರಿ ಅಂಗಡಿ ಹಾಕುವಾಗ
ಟ್ರಯಲ್ ರೂಮಿನ ಕನ್ನಡಿಯಲ್ಲಿ ಒಬ್ಬಳು
ಬಲಗೈಯಲ್ಲಿ ಕತ್ತರಿ ಹಿಡಿದು ನಿಂತಿರುತ್ತಾಳೆ,
ಅವಳ ಬೆರಳ ಗಂಟೂ ಕೆಂಪು.
ಅವಳ ಕತ್ತರಿ ನನ್ನ ಕೈಗೆ ಸರಿ,
ನನ್ನದು ಅವಳ ಕೈಗೆ.
ನಡುವೆ ಗಾಜು.