ಗ್ರಿಮ್ಸ್‌ಬಿಯಲ್ಲಿ ಗಂಡಸರ ಕ್ಷೌರ

ತಿಂಗಳ ಎರಡನೇ ಮಂಗಳವಾರ
ನಾನು ಬೆಲೆ ಕೇಳುವವಳು, ಕೊಳ್ಳುವವಳಲ್ಲ.
ಬಗಲಲ್ಲಿ ಸರ್ಕಾರದ ಟ್ಯಾಬ್ಲೆಟ್, ಕಾಲಿಗೆ ನೀರಿಳಿಯದ ಬೂಟು,
ಫ್ರೀಮನ್ ಸ್ಟ್ರೀಟಿನ ಗಾಳಿಯಲ್ಲಿ
ಮೀನಿಲ್ಲದ ಮೀನುವಾಸನೆ.

ಹ್ಯಾಡಕ್ಕು ಕಿಲೋಗೆ ಹದಿನೇಳು. ಬರೆದೆ.
ಐಸ್‌ಲ್ಯಾಂಡಿನದು, ಪೆಟ್ಟಿಗೆಯಲ್ಲಿ ಬಂದದ್ದು;
ಇಲ್ಲಿಯ ಹಡಗುಗಳಿಗೆ ಈಗ ಪಬ್ಬಿನ ಗೋಡೆಯೇ ಬಂದರು.
ಬಿಸ್ಕತ್ತಿನ ಪೊಟ್ಟಣ, ಹೋದ ತಿಂಗಳ ಬೆಲೆಯೇ;
ತಿರುಗಿಸಿ ನೋಡಿದರೆ ಮೂವತ್ತು ಗ್ರಾಂ ಕಾಣೆ.
ಅದನ್ನೂ ಬರೆದೆ.
ಕಾಸಿಗೆ ತಕ್ಕ ಕಜ್ಜಾಯ ಎಂದವರಿಗೆ
ಕಾಸು ಅಷ್ಟೇ ಇದ್ದು ಕಜ್ಜಾಯಕ್ಕೆ ತೂತು ಬೀಳುವುದು
ಗೊತ್ತಿರಲಿಲ್ಲ.

ಆಮೇಲೆ ವಿಲ್ಫ್ ಬ್ಲಾಂಚರ್ಡನ ಅಂಗಡಿ.
ಒಂದು ಕುರ್ಚಿ, ಒಂದು ಕನ್ನಡಿ,
ಕಿಟಕಿಯಲ್ಲಿ ಬಿಳಿಚಿದ ಬೋರ್ಡು:
ಗಂಡಸರ ಕ್ಷೌರ, ಒಂಬತ್ತು ಪೌಂಡು.
ಏಳು ವರ್ಷದಿಂದ ಒಂಬತ್ತೇ.
ಪಟ್ಟಿಯಲ್ಲಿ ಉಳಿದದ್ದೆಲ್ಲ ಓಡುವಾಗ
ಇದೊಂದು ಸಾಲು ಮೈಲಿಗಲ್ಲಿನ ಹಾಗೆ ಕೂತಿತ್ತು.

ಒಂದು ವರ್ಷ ಬೇರೊಂದು ಪಟ್ಟಿ ಬಂತು,
ದೇಶ ದೇಶಗಳನ್ನು ತಕ್ಕಡಿಗೆ ಹಾಕುವಂಥದ್ದು.
ಅದೇ ಹೂಕೋಸು, ಅದೇ ಕ್ಷೌರ,
ಅಲ್ಲೆಷ್ಟು ಇಲ್ಲೆಷ್ಟು.
ಸುಮ್ಮನೆ ಕುತೂಹಲಕ್ಕೆ ಹರಿಹರಕ್ಕೆ ಫೋನು ಮಾಡಿದೆ.
"ತಿಪ್ಪೇಶಿ, ಕಟಿಂಗಿಗೆ ಎಷ್ಟು ಕೊಡ್ತೀಯ?"
"ತೊಂಬತ್ತು. ಯಾಕಕ್ಕ?"
"ಬರೀ ಕಟಿಂಗಾ?"
"ತಲೆ ತಟ್ಟಿ, ಕುತ್ತಿಗೆ ನೆಟಿಗೆ ತೆಗೆದು,
ಊರ ಸುದ್ದಿಯೆಲ್ಲ ಹೇಳಿ, ಕೊನೆಗೆ ಪಟಿಕ ಉಜ್ತಾನೆ."

ವಿಲ್ಫ್ ನೆಟಿಗೆ ತೆಗೆಯುವುದಿಲ್ಲ.
ಮಳೆ ಬರುತ್ತೆ ಎನ್ನುತ್ತಾನೆ. ಬರುತ್ತದೆ.
ಇವೆರಡೂ ಒಂದೇ ಕ್ಷೌರವೇ?
ನಮೂನೆಯಲ್ಲಿ ಆ ಪ್ರಶ್ನೆಗೆ ಎರಡೇ ಚೌಕ.

ಬ್ಯಾಂಕಿನಲ್ಲಿ ಪೌಂಡಿಗೆ ನೂರರ ಮೇಲೆ,
ಹೂಕೋಸಿನಲ್ಲಿ ಮೂವತ್ತು,
ವಿಲ್ಫನ ಕತ್ತರಿಯಲ್ಲಿ ಹತ್ತೇ ಹತ್ತು.
ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ.
ಅಡಿಕೆಗೂ ಆನೆಗೂ ಮಾನದಲ್ಲಿ ದರ ಕಟ್ಟಿದ ಆ ಮಹಾನುಭಾವ
ನಮ್ಮ ಇಲಾಖೆಯವನೇ ಇರಬೇಕು.

ಈ ಮಂಗಳವಾರ ಬೋರ್ಡಿನಲ್ಲಿ ಹದಿಮೂರು.
ಹಸಿ ಬಣ್ಣ, ಮೂರರ ಬಾಲ ಇನ್ನೂ ಇಳಿಯುತ್ತಿತ್ತು.
ಕುರ್ಚಿಯಿಂದ ಎದ್ದ ಮುದುಕ
ಎಂಟು ನಾಣ್ಯ ಎಣಿಸಿಟ್ಟ;
ವಿಲ್ಫ್ ನೋಡದೆ ಡ್ರಾಯರಿಗೆ ತಳ್ಳಿದ.
"ಹದಿಮೂರಲ್ಲವೇ?"
"ಬೋರ್ಡು ಇರೋದು ನಿನಗೆ, ಮಗಳೇ,"
ಬಾಚಣಿಗೆ ಕೊಡವುತ್ತ ಅಂದ.
"ನೀನು ಬರೆದದ್ದು ಎಲ್ಲೋ ಹೋಗಿ, ಯಾರೋ ಕೂಡಿ ಕಳೆದು,
ಏಪ್ರಿಲ್ ಹೊತ್ತಿಗೆ ನಮ್ಮ ಪೆನ್ಶನ್ ಆಗುತ್ತೆ.
ನನಗೆ ಎಂಬತ್ತೊಂದು.
ನಾನೂ ಒಂದು ಕೈ ಹಚ್ಚಬೇಡವೇ?"

ಮೈಗಂಟಿದ ಮರಳನ್ನು ಸೇತುವೆಗೆ ಕೊಡವಿದ ಅಳಿಲಿನ ಕಥೆ
ಬಾಯಿಗೆ ಬಂತು, ನುಂಗಿಕೊಂಡೆ.
ಲೆಕ್ಕ ಹಾಕಿದೆ:
ದೇಶದ ಬುಟ್ಟಿಯಲ್ಲಿ ಕ್ಷೌರವೆಂಬುದು ಒಂದು ಜಡೆ,
ಜಡೆಯಲ್ಲಿ ಈ ಊರು ಒಂದು ಕೂದಲು,
ಕೂದಲ ತುದಿಯ ಸೀಳು ವಿಲ್ಫ್.
ಅವನ ನಾಲ್ಕು ಪೌಂಡನ್ನು ಎಲ್ಲ ಮುದುಕರಿಗೂ ಹಂಚಿದರೆ
ಒಬ್ಬೊಬ್ಬರಿಗೆ ಪೆನ್ನಿಯ ನೆರಳೂ ಬಾರದು.

ಕೈಪಿಡಿಯ ಹನ್ನೊಂದನೇ ಪುಟ:
ಕಣ್ಣಿಗೆ ಕಾಣುವಂತೆ ಬರೆದ ಬೆಲೆಯನ್ನೇ ದಾಖಲಿಸತಕ್ಕದ್ದು.
ನಲವತ್ತನೇ ಪುಟ:
ಗಿರಾಕಿ ನಿಜವಾಗಿ ಕೊಡುವ ಬೆಲೆಯನ್ನೇ.
ಎರಡನ್ನೂ ಒಬ್ಬನೇ ಬರೆದಿರಲಾರ,
ಅಥವಾ ನಡುವೆ ಅವನಿಗೆ ಮದುವೆಯಾಗಿರಬೇಕು.

ಹೊರಗೆ, ಹೇಳಿದ ಹಾಗೆ, ಮಳೆ.
ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತೆ.
"ತುದಿ ಸ್ವಲ್ಪ ಕತ್ತರಿಸು."
ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ,
ಹೆಂಗಸರ ತಲೆ ಮುಟ್ಟಿ ಯಾವ ಕಾಲವಾಯಿತೋ,
ಕತ್ತರಿ ಎರಡು ಸಲ ಗಾಳಿಯನ್ನೇ ಕತ್ತರಿಸಿತು.
"ಎಷ್ಟು?" ಎಂದೆ ಎದ್ದು.
"ಸರ್ಕಾರಿ ಸಂಬಳ ತಾನೇ? ಹದಿಮೂರು."

ಕೊಟ್ಟೆ.
ಹದಿಮೂರು ಎಂದು ಒತ್ತುವಾಗ
ಪರದೆಯ ಮೇಲೆ, 'ಗಂಡಸರ' ಎಂಬ ಪದದ ಮೇಲೇ
ನನ್ನದೊಂದು ಕೂದಲು ಬಿದ್ದಿತ್ತು.
ಊದಿದೆ.