ಎಡಬಾಗಿಲಿನ ತಗ್ಗು

ಸೂಪಿನ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದ್ದೇನೆ.
ಯಾರೂ ಎತ್ತುವಂತಿಲ್ಲ.
ಒಳಗೆ ಒಣಗುತ್ತಿದೆ ಒಂದು ಕಾರು,
ನನ್ನ ಗೇಣಿಗಿಂತ ಚಿಕ್ಕದು,
ಬಣ್ಣ ಸಾಸಿವೆ ಹಳದಿ, ಮೂರನೇ ಕೋಟು.

ಧೂಳಿಗೆ ಅಳತೆ ಗೊತ್ತಿಲ್ಲ ನೋಡಿ.
ಮಿಕ್ಕಿದ್ದನ್ನೆಲ್ಲ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಮಾಡಬಹುದು,
ಗಾಲಿ, ಗೇರು ಕೋಲು, ಹಿಂದಿನ ಸೀಟಿನ ಹೊಲಿಗೆ.
ಧೂಳು ಮಾತ್ರ ತನ್ನ ಪೂರ್ತಿ ಗಾತ್ರದಲ್ಲೇ ಬಂದು ಕೂರುತ್ತದೆ,
ಬಾನೆಟ್ಟಿನ ಮೇಲೆ ಒಂದು ಬಂಡೆ.

ಬ್ಯೆಲ್ಸ್ಕೊದ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ
ಬಣ್ಣದ ವಿಭಾಗದಲ್ಲಿದ್ದವಳು ನಾನು, ಲುಡ್ವಿಕಾ.
ಸಾಲುಸಾಲಾಗಿ ಹಾದುಹೋದವು ಕಾರುಗಳು,
ನನ್ನದಾಗಿ ಒಂದೂ ನಿಲ್ಲಲಿಲ್ಲ.
ಎಷ್ಟು ತಿಕ್ಕಿದರೂ ಕಿವಿಯ ಹಿಂದೆ ಹಳದಿ;
ಮದುವೆಯ ಫೋಟೋದಲ್ಲೂ, ಹುಡುಕಿದರೆ, ಇದೆ.

ಈಗ ನಿವೃತ್ತಿ. ಈಗ ಚಿಮುಟ, ಬ್ಲೇಡು, ಹಲ್ಲುಕಡ್ಡಿ.
ಅಂಟಿನ ಘಾಟಿಗಿಂತ ಎಲೆಕೋಸಿನ ವಾಸನೆಯೇ ವಾಸಿ
ಅನ್ನುತ್ತಾಳೆ ಮೇಲಿನ ಮನೆಯ ಯಾದ್ವಿಗಾ.
ಮೇಣದಬತ್ತಿಯ ಉರಿಗೆ ಪ್ಲಾಸ್ಟಿಕ್ ಕಡ್ಡಿ ಹಿಡಿದು
ಮೆತ್ತಗಾದ ಆ ಒಂದು ಚಣಕ್ಕೆ ಎಳೆದರೆ
ಕೂದಲೆಳೆಯಷ್ಟು ಆಂಟೆನಾ.
ತಡವಾದರೆ ತುಂಡು. ಅವಸರವಾದರೂ ತುಂಡು.

ಇದು ಅಪ್ಪನ ಕಾರು.
ಇದರಲ್ಲಿ ನಾಲ್ವರು, ಒಂದು ಗುಡಾರ,
ಉಪ್ಪುನೀರಲ್ಲಿ ಹಾಕಿದ ಸೌತೆಯ ಎರಡು ಜಾಡಿ,
ಬಾಲ್ಟಿಕ್ ಕಡಲಿನವರೆಗೆ ಹೋಗಿದ್ದೆವು ಎಂದರೆ
ಇವತ್ತಿನ ಮಕ್ಕಳು ನಗುತ್ತಾರೆ.
ಒಂದು ಜಾಡಿ ದಾರಿಯಲ್ಲೇ ಒಡೆಯಿತು.
ಆ ವಾಸನೆಯನ್ನು ಇಪ್ಪತ್ನಾಲ್ಕರಿಂದ ಭಾಗಿಸುವುದು ಹೇಗೆ?

ಬಾಗಿಲು ನುಣ್ಣಗೆ ಬಂದಿತ್ತು, ಬೆಣ್ಣೆಯ ಹಾಗೆ.
ಬಣ್ಣಕ್ಕೆ ಮೊದಲು ಚಮಚದ ಹಿಂಬದಿ ಕಾಯಿಸಿ
ಎಡಬಾಗಿಲಿಗೆ ಮೆಲ್ಲಗೆ ಒತ್ತಿದೆ.
ತಗ್ಗು ಬಿತ್ತು. ಎಲ್ಲಿ ಬೀಳಬೇಕೋ ಅಲ್ಲೇ.

ಚಿತ್ರ ತೆಗೆದು ಎಲ್ಲರಿಗೂ ಕಳಿಸಿದೆ,
ಊರೂರಿನ ಗೆಳೆಯರಿಗೆ, ಎಂದೂ ಭೇಟಿಯಾಗದವರಿಗೆ.
ಒಬ್ಬ ಅಂದ: ಅಯ್ಯೋ, ಪುಟ್ಟಿ ಹಚ್ಚು, ಸರಿಹೋಗುತ್ತದೆ.
ಒಬ್ಬ: ಅಚ್ಚಿನದೇ ದೋಷ, ಕಂಪನಿಗೆ ಬರೆ.
ಇನ್ನೊಬ್ಬನದು ಸುಮ್ಮನೆ ಒಂದು ಅಳುಮುಖ.
ಎವಾರಿಸ್ತೋ ಒಬ್ಬನೇ ಕೇಳಿದ,
ಉರುಗ್ವೆಯಿಂದ, ಅಲ್ಲಿನ್ನೂ ಬೆಳಕು ಹರಿಯದ ಹೊತ್ತಲ್ಲಿ:
ಯಾರು ಗುದ್ದಿದ್ದು?

ಎವಾರಿಸ್ತೋನ ಮುಖ ನಾನು ಕಂಡಿಲ್ಲ.
ಹೆಬ್ಬೆರಳು ಗೊತ್ತು. ಗಾತ್ರ ತಿಳಿಯಲೆಂದು
ಪ್ರತಿ ಚಿತ್ರದಲ್ಲೂ ತನ್ನ ಲಾರಿಯ ಪಕ್ಕ ಇಡುತ್ತಾನೆ:
ಅರ್ಧ ಉಗುರು, ಉಳಿದರ್ಧ ಲೇತಿನ ಪಾಲು.
ನನ್ನ ಡಬ್ಬಿಯಲ್ಲಿ ಬದಿಗನ್ನಡಿ ಇಲ್ಲದಾಗ
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ
ತನ್ನದೊಂದನ್ನು ಮಲಗಿಸಿ ಕಳಿಸಿದವನು.
ಸಾಗರ ದಾಟಲು ನಲವತ್ತು ದಿನ ಹಿಡಿಯಿತು
ಆ ಅಕ್ಕಿಕಾಳಿನಷ್ಟು ಕನ್ನಡಿಗೆ.
ಚಿಮುಟದಲ್ಲಿ ಎತ್ತಿ ನೋಡಿದರೆ
ನನ್ನ ಇಡೀ ಅಡುಗೆಮನೆ ಅದರಲ್ಲಿ ಕೂತಿತ್ತು,
ಒಲೆಯ ನೀಲಿ ಉರಿಯೂ ಸೇರಿ.

ಬರೆದೆ: ನಾನೇ. ಆಗ ಹತ್ತೊಂಬತ್ತು.
ಹಾಲಿನಂಗಡಿ ಮುಂದಿನ ಕಲ್ಲುಗೂಟ.
ಅಪ್ಪ ಮೂರು ದಿನ ಮಾತಾಡಲಿಲ್ಲ.
ನಾಲ್ಕನೇ ದಿನ ತಗ್ಗಿನೊಳಗೆ ಮುಷ್ಟಿ ಇಟ್ಟು ನೋಡಿದ,
ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.
ಹನ್ನೊಂದು ವರ್ಷ ರಿಪೇರಿ ಮಾಡಿಸಲೇ ಇಲ್ಲ.
ಕೇಳಿದರೆ, "ಈ ಬೀದಿಯಲ್ಲಿ ಎಲ್ಲರದೂ ಇದೇ ಕಾರು, ಇದೇ ಹಳದಿ,
ನೀನೇ ಬಳಿದದ್ದು.
ನನ್ನದು ಯಾವುದೆಂದು ಗೊತ್ತಾಗಬೇಡವೇನೆ?"

ಉತ್ತರವಿಲ್ಲ. ಒಂದು ವಾರ. ಎರಡು.

ನಿನ್ನೆ ಚಿತ್ರ ಬಂತು.
ಅವನ ಲಾರಿ, ಆರು ವರ್ಷದಿಂದ ಮಾಡುತ್ತಿದ್ದದ್ದು,
ಒಂದು ಗೀರೂ ಇಲ್ಲದ್ದು, ಸ್ಪರ್ಧೆಗೆಂದು ಗಾಜಿನೊಳಗೆ ಇಟ್ಟದ್ದು.
ಮುಂದಿನ ಮಡ್‌ಗಾರ್ಡು ಒಳಕ್ಕೆ ಮಡಚಿದೆ.
ಹೆಡ್‌ಲೈಟು ಒಂದೇ.
ಮಾತಿಲ್ಲ, ಕತೆಯಿಲ್ಲ.
ಹೆಬ್ಬೆರಳಿದೆ, ಈ ಸಲ ತುಸು ದೂರದಲ್ಲಿ.

ಬಟ್ಟಲು ಎತ್ತಿ ನೋಡಿದೆ. ಬಣ್ಣ ಒಣಗಿದೆ.
ಛಾವಣಿಯ ಮೇಲೆ ಒಂದು ಕಣ ಧೂಳು. ಇರಲಿ.
ಕೈ ಒರೆಸಿಕೊಂಡು ಕೂತು
ಒಂದೊಂದೇ ಅಕ್ಷರ ಒತ್ತಿದೆ:
ಯಾರು ಗುದ್ದಿದ್ದು?