ನಡುತುಂಡು

ಬಿಸಿಯೂಟದ ಡಬರಿ ಇಳಿಸಿ
ಮೊದಲ ತುತ್ತು ನಾನ ಉಣ್ಣಬೇಕು,
ಮಕ್ಕಳ ಪಂಕ್ತಿಗೆ ಅರ್ಧ ತಾಸು ಮೊದಲ.
ರಿಜಿಸ್ಟರಿನ್ಯಾಗ ಸಹಿ:
ರುಚಿ ನೋಡಿದವರು, ಜಾನಾಬಾಯಿ.

ತರಬೇತಿಗೆ ಬಂದ ಮೇಡಮ್ಮಾರು ಕೇಳಿದ್ರು,
"ಇಷ್ಟು ಚೊಲೊ ಕೈ ತೊಳೀತಿ, ಯಾರು ಕಲಿಸಿದ್ರು?"
"ನಮ್ಮಜ್ಜಿ" ಅಂದೆ.
ಯಾವ ಅಡಿಗಿ ಮಾಡುವಾಗ
ಅಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ.

ಬೆಟಗೇರಿ ಸೆಟ್ಲಮೆಂಟಿನ ಕಡೀ ಓಣಿ.
ಅತ್ತಾಗ ಮಗ್ಗದ ಸಪ್ಪಳ ನಿಂತಿತ್ತಂದ್ರ
ಇತ್ತಾಗ ನಮ್ಮ ಒಲಿ ಹತ್ತೂದು.
ಅಜ್ಜ ಬಲಿ ಹೆಗಲಿಗೇರಿಸಿ ಎರಿಹೊಲದ ಬದು ತಿರುಗಿ
ಬೈಗಿಗೆ ತರತಿದ್ದ ಕೌಜುಗ, ಉಡ,
ಒಮ್ಮೊಮ್ಮೆ ಮಾರುದ್ದದ ಕೇರೆಹಾವು,
ಚೀಲದಾಗ ಇನ್ನೂ ನೀರಿನಂಗ ಹೊರಳೂದು.
ನಾಗಪ್ಪ ಎದುರಾದರ ಕೈ ಮುಗದು ದಾರಿ ಬಿಡತಿದ್ದ.
ಭಕ್ತಿಯೋ ಅಂಜಿಕಿಯೋ ಅಂದ್ರ
"ಎರಡೂ ಒಂದ ಬಿಡು" ಅಂತಿದ್ದ.

ಅಜ್ಜಿ ಮೊದಲ ನನ್ನ ಕೈ ನೋಡಾಕಿ, ಅಂಗೈ, ಹಿಂಗೈ.
ಜಾಲಿಮುಳ್ಳಿನ ಗಾಯ ಕಂಡರ
"ಸರದು ಕುಂದ್ರು, ಇವತ್ತ ನಿನ್ನ ಕೆಲಸ ಬರೀ ನೋಡೂದು."
ತಲಿ ಮುಟ್ಟಂಗಿಲ್ಲ.
ಕವಲಗೋಲಿಲೆ ಒತ್ತಿ, ಗೇಣು ಕುತ್ತಿಗಿ ಸೇರಿಸಿ
ಒಂದ ಏಟು.
"ತಲಿಗೆ ತಾ ಸತ್ತದ್ದು ತಡಾಗಿ ತಿಳೀತೈತಿ,
ತಾಸು ಕಳದ ಮ್ಯಾಲೂ ಕಚ್ಚತೈತಿ"
ಅಂತ ಮೊಣಕೈ ಆಳ ಕುಣಿ ತೋಡಿ ಹುಗದು
ಮುಕ್ಕಾದ ಬೀಸುಕಲ್ಲು ಹೇರಾಕಿ.

ಆಮ್ಯಾಲ ಚರ್ಮ, ಕಾಲಚೀಲ ಕಳದಂಗ.
ಪಿತ್ತ ಒಡೀಬಾರದು. ಕರುಳು ಕುಣಿಗೆ.
ಹುಣಸಿ, ಉಪ್ಪು, ಮೂರು ನೀರು.
ಕೈಗೆ ಬೂದಿ, ಕತ್ತಿಗೆ ಬೂದಿ, ಕೊಯ್ದ ಕಲ್ಲಿಗೂ ಬೂದಿ.
ಅದರ ಗಡಗಿ ಬ್ಯಾರೆ,
ರೊಟ್ಟಿ ನಾದೂ ಕೊಣಮಿಗಿ ಹತ್ತರ ಸುಳಿಯಂಗಿಲ್ಲ.
ಎಷ್ಟೊತ್ತು ಕುದಸೂದು?
ಸೊಲ್ಲಾಪುರದ ರೈಲು ಕೂಗಿ ಹೋಗಿ
ಹುಬ್ಬಳ್ಳಿ ರೈಲು ಕೂಗೂತನಕ.
ಮಾಂಸ ಎಲುವಿಂದ ತಾನ ಕಳಚಬೇಕು,
ಗುಲಾಬಿ ಬಣ್ಣ ಒಂದೆಳಿ ಉಳೀಬಾರದು.
ಬಳ್ಳೊಳ್ಳಿ, ಖಾರ, ಕೊನಿಗೆ ಮುಷ್ಟಿ ಗುರೆಳ್ಳ ಪುಡಿ.

ಆಮ್ಯಾಲ ಅಜ್ಜಿ ಒಬ್ಬಾಕಿನ ಉಣ್ಣಾಕಿ,
ಬಾಲದ ಕಡೀದು, ಬರೀ ಎಲುವಿಂದು.
ಗೋಡಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಾಕಿ.
ನಾವು ಐದ ಮಂದಿ
ಬಾಯಿನೀರು ನುಂಗಕೋತ ಆಕಿ ಮುಖದಾಗ ಕುಂತಿರತಿದ್ವಿ.
ನೇಕಾರ ಓಣ್ಯಾಗ ದೀಪ ಒಂದೊಂದ ಆರೂವು.
"ಹೂಂ, ಉಣ್ರಿ."
ನಡುತುಂಡು ನಮಗ.
ಎಲುವು ಸೂಜಿಯಷ್ಟು ಸಣ್ಣವು, ಮಾತಾಡಂಗಿಲ್ಲ.
ಆ ರಾತ್ರಿ ಒಂದ ನಮ್ಮ ಮನಿ ಸುಮ್ಮನಿರೂದು.

ಕೋಳಿಯಂಗ ಇರತೈತಿ ಅಂತಾರ ತಿನ್ನದವರು.
ಅಲ್ಲ. ಹೊಳಿಮೀನಿನಂಗೂ ಅಲ್ಲ.
ಕಾದ ರುಚಿ ಅದು.

ಒಂದಿನ ಹೊಟ್ಟಿ ಸೀಳಿದಾಗ ಒಳಗ ಇಲಿ,
ಆಗಿನ್ನೂ ಕರಗಿಲ್ಲ.
ಅಜ್ಜಿ ಬಗ್ಗಿ ಮೂಸಿದಳು. ಎಂಡ್ರಿನ್ ವಾಸನಿ,
ಅವರಿವರ ಹತ್ತಿಗೆ ಹೊಡದದ್ದು.
ಇಡೀ ಹಾವು ಕುಣಿಗೆ. ಗಡಗಿ ಒಡದಳು.
"ಹಲ್ಲಿನ್ಯಾಗಿನ ವಿಷ ನನಗ ಗೊತ್ತು,
ಇದು ಎಲ್ಲೆಲ್ಲಿ ಕುಂತೈತೊ ಗೊತ್ತಿಲ್ಲ."
ಹಸಗೊಂಡು ಮಲಗಿದ್ವಿ.
ಫಾರೆಸ್ಟಿನವರು ಕಾಯ್ದೆ ಓದಿ ಹೇಳಾಕ ಬಂದದ್ದು
ಅದಾದ ಎಷ್ಟೋ ವರ್ಷಕ್ಕ.
ಅಜ್ಜಿ ಅವರಿಗೆ ಚಾ ಮಾಡಿ ಕೊಟ್ಟಳು.
ಒಬ್ಬವ ಕುಡಿಲಿಲ್ಲ.

ಹೆಡ್‌ಮಾಸ್ತರಿಗೆ ಮಾತಿಗೊಂದು ಗಾದಿ ಬೇಕು.
"ಹಾವು ತಿನ್ನೋರ ಊರಿಗೆ ಹೋದ್ರ
ನಡುತುಂಡು ನನಗ ಅನಬೇಕಂತ"
ಅಂತ ನಗತಾರ, ನನ್ನ ಓಣಿ ಗೊತ್ತಿದ್ದೋ ಇಲ್ಲದೋ.
ನಾ ಸೌಟು ತಿರುವಕೋತ ಅಂದ್ಕೋತೀನಿ:
ಅದನ್ನ ಯಾರೂ ಬೇಡಿ ಇಸಗೊಳ್ಳಂಗಿಲ್ಲ, ಸರ್,
ಮೊದಲ ಒಬ್ಬಾಕಿ ಬಾಲ ತಿಂದು
ಗೋಡಿಗೆ ಕುಂದ್ರಬೇಕಾಗತೈತಿ.

ಈಗ ಸಾರು ಉಂಡು ಗ್ವಾಡಿಗೆ ಆತು ಕುಂತೀನಿ.
ಮೂರನೇತ್ತ ಮಲ್ಲೇಶಿ ತಾಟು ಬಡಕೋತ ಇಣುಕತಾನ,
"ಆಯೀ, ಇನ್ನೂ ಎಷ್ಟೊತ್ತು?"
ಟೇಶನ್ನಿನ ಕಡೆ ಒಂದು ರೈಲು ಕೂಗತೈತಿ.
ತಡಿಯೋ, ಅಂತೀನಿ,
ಇನ್ನೊಂದು ಕೂಗಲಿ.